ಕ್ಲಚ್ಚಮ್ಮ ಹೈಬ್ರಿಡ್ ಕೊಂಡ ಕತೆ

ಎದುರಿಗೆ ನಿಂತಾಗ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಬೆನ್ನು ತಿರುಗಿಸಿದಳೋ, ಕ್ಲಚ್ಚಮ್ಮ. ಡ್ರೈವಿಂಗ್ ಸ್ಕೂಲು ಅವಳದೇ. ಬಟ್ಟೆ ಒಗೆದುಕೊಡುವ ಅಂಗಡಿಗೂ ಕೀಲಿಕೈ ಮಾಡುವವನ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತ ಒಂದು ಕೋಣೆ, ಗೋಡೆ ತುಂಬ ರಸ್ತೆ ಚಿಹ್ನೆಗಳ ಪಟ, ಬಾಗಿಲೆದುರು ಕೆಂಪು ಬಣ್ಣದ ಒಂದು ಸಣ್ಣ ಕಾರು. ಪಕ್ಕದ ಸೀಟಿನ ಕಾಲಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದ ಕಾರು ಅದು. ಆ ಪಕ್ಕದ ಸೀಟಿನಲ್ಲಿ ಕೂತೇ ಅವಳು ಅರ್ಧ ಊರಿಗೆ ಗಾಡಿ ಓಡಿಸುವುದನ್ನು ಕಲಿಸಿದ್ದಳು. ಕಲಿಸುವುದು ಎಂದರೆ ಅವಳ ಲೆಕ್ಕದಲ್ಲಿ ಬಯ್ಯುವುದು. "ಕ್ಲಚ್ಚು! ಕ್ಲಚ್ಚು ಅಂದೆ! ಅದೇನು ಕಾಲೋ, ಕಂಬವೋ?" ಎಂದು ಅವಳು ಗದರಿದರೆ, ಕಿಟಕಿಯ ಗಾಜು ಏರಿಸಿದ್ದರೂ ಪಕ್ಕದಲ್ಲಿ ನಿಂತ ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು. ಒಮ್ಮೆ ಆ ಬಸ್ಸಿನ ಡ್ರೈವರೇ ಗಾಬರಿಯಾಗಿ ಕ್ಲಚ್ಚು ತುಳಿದನಂತೆ.

ಅವಳ ಪಾಠವೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಮಾತಿಗೆ: ತಪ್ಪು ಗಾಡಿಯದಲ್ಲ, ಓಡಿಸೋರದ್ದು. ಕನ್ನಡಿ ಸರಿಯಿಲ್ಲ, ಸೀಟು ಹಿಂದಾಯಿತು, ಬಿಸಿಲು ಕಣ್ಣಿಗೆ ಹೊಡೆಯಿತು, ಚಪ್ಪಲಿ ಜಾರಿತು, ಯಾವ ನೆಪವೂ ಅವಳ ಹತ್ತಿರ ನಡೆಯುತ್ತಿರಲಿಲ್ಲ. "ಗಾಡಿಗೆ ಬಾಯಿಲ್ಲ ಅಂತ ಅದರ ತಲೆಗೆ ಕಟ್ಟಬೇಡಿ" ಎನ್ನುವಳು. ಕಲಿಯುವವರು ಬಾಯಿಗೆ ಬೀಗ ಹಾಕಿಕೊಂಡು ಮತ್ತೆ ಕೀಲಿ ತಿರುಗಿಸುತ್ತಿದ್ದರು.

ಮನೆಯಲ್ಲಿ ಈ ತತ್ತ್ವಕ್ಕೆ ಇನ್ನೊಂದು ಉಪಯೋಗವಿತ್ತು. ಅವಳ ಗಂಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ದಿನವಿಡೀ "ಉಸಿರು ಹಿಡೀರಿ… ಹಾಂ, ಬಿಡಿ" ಎಂದು ಹೇಳಿ ಹೇಳಿ ಮೆತ್ತಗಾದ ಮನುಷ್ಯ. ಅವನಿಗೆ ಇದ್ದದ್ದು ಒಂದೇ ಚಟ, ಹೊಸ ಸಾಮಾನು. ಅಡುಗೆಮನೆಯ ಕಟ್ಟೆಯ ಮೇಲೆ ತರಕಾರಿ ಹೆಚ್ಚುವ ಯಂತ್ರ, ಅದಕ್ಕಿಂತ ತೆಳ್ಳಗೆ ಹೆಚ್ಚುವ ಯಂತ್ರ, ನೀರು ಕಾದಾಗ ಹೆಂಗಸಿನ ದನಿಯಲ್ಲಿ ಮಾತಾಡುವ ಕೆಟಲು. "ಹೊಸದು ಬಂದಿದೆಯಂತೆ ಕಣೇ" ಎಂದು ಅವನು ಶುರುಮಾಡಿದರೆ ಸಾಕು, "ಹಳೇದಕ್ಕೇನು ರೋಗ?" ಎಂದು ಅವಳು ಅಲ್ಲಿಗೇ ಕತ್ತರಿಸುತ್ತಿದ್ದಳು. ಅವನು ಉಸಿರು ಹಿಡಿದು, ಸ್ವಲ್ಪ ಹೊತ್ತು ಹಾಗೇ ಇದ್ದು, ಬಿಡುತ್ತಿದ್ದ.

ಇಂಥವಳು ಗಾಲ್ಫಿಗೆ ಬಿದ್ದದ್ದು ಅಕ್ಕನ ಮಂಡಿಯಿಂದಾಗಿ.

ಊರ ಅಂಚಿನಲ್ಲಿ ಪುರಸಭೆಯವರ ಗಾಲ್ಫ್ ಮೈದಾನವೊಂದಿತ್ತು. ಒಂಬತ್ತು ಗುಂಡಿಗಳ ಚಿಕ್ಕ ಮೈದಾನ; ಟಿಕೇಟು ತೆಗೆದುಕೊಂಡ ಯಾರು ಬೇಕಾದರೂ ಆಡಬಹುದು. ಅಕ್ಕ ಮತ್ತು ಭಾವ ಪ್ರತಿ ಭಾನುವಾರ ಅಲ್ಲಿ ಹಾಜರು. ಭಾವನದು ಕಿವಿ ಕೇಳಿಸುವ ಯಂತ್ರಗಳ ವ್ಯಾಪಾರ. ಗಿರಾಕಿಗಳ ಜೊತೆ ಕೂಗಿ ಕೂಗಿ ಅಭ್ಯಾಸವಾಗಿ ಅವನು ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು. ಅಕ್ಕನ ಮಂಡಿ ಕೈಕೊಟ್ಟ ಮೇಲೆ, ಅವಳು ತನ್ನ ಕೋಲುಗಳ ಚೀಲವನ್ನು ಎಳೆದುಕೊಂಡು ಬಂದು ತಂಗಿಯ ಮುಂದೆ ಇಟ್ಟಳು.

"ನೀನಾದ್ರೂ ಈ ಮನುಷ್ಯನ ಜೊತೆ ಹೋಗು. ಒಬ್ಬರೇ ಆಡಿದ್ರೆ ಮನೆಗೆ ಬಂದು ಬರೀ ಸುಳ್ಳು ಹೇಳ್ತಾರೆ. ನಾನು ಆ ಬ್ಯಾಟರಿ ಗಾಡೀಲಿ ಕೂತು ನೋಡ್ತಾ ಇರ್ತೀನಿ."

ಹಾಗೆ ಶುರುವಾಯಿತು. ಅಕ್ಕ ಬ್ಯಾಟರಿ ಗಾಡಿಯಲ್ಲಿ ಉಣ್ಣೆ ಹೆಣೆಯುತ್ತ ಹಿಂದೆ ಬರುವುದು, ತಂಗಿ ಮತ್ತು ಭಾವ ಮುಂದೆ ಕಿತ್ತಾಡುತ್ತ ನಡೆಯುವುದು. ಚೀಲದಲ್ಲಿದ್ದ ಕೋಲುಗಳಲ್ಲಿ ಕ್ಲಚ್ಚಮ್ಮನ ಮನಸ್ಸು ಕೂತದ್ದು ನಾಲ್ಕನೇ ನಂಬರಿನ ಮೇಲೆ. ಕಬ್ಬಿಣದ ಕೋಲುಗಳಲ್ಲಿ ನಂಬರು ಕಡಿಮೆಯಾದಷ್ಟೂ ಚೆಂಡು ದೂರ ಹೋಗಬೇಕು, ಹೊಡೆಯುವುದೂ ಅಷ್ಟೇ ಕಷ್ಟ. ಈ ನಾಲ್ಕನೆಯದು ತೆಳ್ಳಗೆ, ಉದ್ದಕ್ಕೆ, ಬೆಣ್ಣೆ ಸವರುವ ಚಾಕುವಿನ ಹಾಗಿತ್ತು. ಉಳಿದವಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಅಕ್ಕ ಇದನ್ನು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾಳಪ್ಪ ಎಂದು ತಂಗಿಗೆ ಅಭಿಮಾನ. ಅದರಿಂದ ಹೊಡೆದರೆ ಚೆಂಡು ಕೆಲವು ಸಲ ಹುಲ್ಲಿನ ಮೇಲೆ ಹಲ್ಲಿಯಂತೆ ಹರಿಯುತ್ತಿತ್ತು, ಕೆಲವು ಸಲ ಪೊದೆಗೆ ನುಗ್ಗುತ್ತಿತ್ತು, ಹೆಚ್ಚಿನ ಸಲ ಐದನೇ ಗುಂಡಿಯ ಮುಂದಿನ ನೀರಿನ ಹೊಂಡಕ್ಕೆ ಬೀಳುತ್ತಿತ್ತು. ಪ್ರತಿ ಸಲವೂ ಅವಳು ಸೊಂಟದ ಮೇಲೆ ಕೈಯಿಟ್ಟು ಹೆಮ್ಮೆಯಿಂದ ಘೋಷಿಸುತ್ತಿದ್ದಳು: "ನಂದೇ ತಪ್ಪು!"

ಹೀಗೆ ತಪ್ಪು ಒಪ್ಪಿಕೊಳ್ಳುವುದರಲ್ಲಿ ಅವಳಿಗೆ ಎಷ್ಟು ಸುಖವಿತ್ತೆಂದರೆ, ತಿದ್ದಿಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಆ ವರ್ಷ ಭಾವ ಹೈಬ್ರಿಡ್ ಕೊಂಡ. ಕಬ್ಬಿಣದ ಕೋಲಿಗೂ ಮರದ ಕೋಲಿಗೂ ಹುಟ್ಟಿದ ಕೂಸು ಎಂದು ಅವನೇ ವಿವರಿಸಿದ: ಮುಂದೆ ಚಪ್ಪಟೆ ಮುಖ, ಹಿಂದೆ ಉಬ್ಬಿದ ಬೆನ್ನು. ತೂಕವೆಲ್ಲ ಕೆಳಗೂ ಹಿಂದಕ್ಕೂ ಇರುವುದರಿಂದ ಚೆಂಡು ತಾನಾಗಿ ಮೇಲೇಳುತ್ತದಂತೆ. ಹಿಂದಿನಿಂದ ನೋಡಿದರೆ ಬಾತುಕೋಳಿ ಕೂತ ಹಾಗಿತ್ತು.

"ಇದೇನ್ ಭಾವ, ಹೊಟ್ಟೆ ಬಂದ ಕೋಲು?" ಎಂದಳು.

"ನಗು, ನಗು" ಎಂದ ಭಾವ, ಆಚೆ ರಸ್ತೆಯವರಿಗೂ ಕೇಳುವ ಹಾಗೆ. ಬೀಸಿದ. ಚೆಂಡು ಹೊಂಡದ ಮೇಲೆ ಆರಾಮವಾಗಿ ಹಾರಿ ಆಚೆ ದಡದಲ್ಲಿ ಕೂತಿತು. ಭಾವನ ತೋಳಿನಲ್ಲಿ ಅಂಥ ಬಲವಿಲ್ಲ ಎನ್ನುವುದು ಮೈದಾನಕ್ಕೆಲ್ಲ ಗೊತ್ತಿತ್ತು.

"ಹೊಡೆಯೋದು ಕೈ, ಕೋಲಲ್ಲ" ಎಂದು ಮೂಗು ಮುರಿದು ಅವಳು ತನ್ನ ನಾಲ್ಕನೇ ನಂಬರನ್ನು ಎತ್ತಿದಳು. ಗುಳುಂ.

"ಯಾರ ತಪ್ಪು?" ಎಂದ ಭಾವ.

"ನಂದೇ!" ಎಂದಳು. ಆದರೆ ಆ ಸಲ ಆ ಮಾತಿನಲ್ಲಿ ಮೊದಲಿನ ರುಚಿ ಇರಲಿಲ್ಲ.

ಮುಂದಿನ ಭಾನುವಾರಗಳಲ್ಲೂ ಅದೇ ಕತೆ. ಭಾವನ ಬಾತುಕೋಳಿ ಹಾರುವುದು, ಅವಳ ಚಾಕು ಮುಳುಗುವುದು. ಹೊಟ್ಟೆ ಉರಿಯಿತು. ಆದರೆ ತಾನೂ ಹೈಬ್ರಿಡ್ ಕೊಳ್ಳುವುದೆಂದರೇನು? ಅಷ್ಟು ವರ್ಷ ಶಿಷ್ಯರಿಗೆ ಹೇಳಿದ ಮಾತನ್ನು ನುಂಗುವುದು. ಭಾವನ ಎದುರು ತಲೆ ತಗ್ಗಿಸುವುದು. ಗಂಡನ ಹೊಸ ಸಾಮಾನುಗಳಿಗೆ ಅಡುಗೆಮನೆಯ ಹೆಬ್ಬಾಗಿಲು ತೆರೆದು ಕೊಡುವುದು. ಸಾಧ್ಯವೇ ಇಲ್ಲ ಎಂದು ಪಟ್ಟು ಹಿಡಿದು ಕೂತಳು. ಆ ಪಟ್ಟು ಸಡಿಲವಾದದ್ದು ಮೈದಾನದಲ್ಲಲ್ಲ, ನೀರಿನ ಟ್ಯಾಂಕಿನ ಹತ್ತಿರದ ಏರಿನಲ್ಲಿ.

ಆ ದಿನ ಗಾಡಿ ಕಲಿಯಲು ಬಂದವಳು ಲೈಬ್ರರಿಯಲ್ಲಿ ಕೆಲಸ ಮಾಡುವ ನಡುವಯಸ್ಸಿನ ಹೆಂಗಸು. ಎಲ್ಲಿದ್ದರೂ ಲೈಬ್ರರಿಯಲ್ಲೇ ಇದ್ದಂತೆ ಪಿಸುಮಾತು. ಏರಿನ ನಡುವೆ ಕಾರು ನಿಂತುಹೋಯಿತು. ಮತ್ತೆ ಶುರುಮಾಡಿದಳು, ಮತ್ತೆ ನಿಂತಿತು. ಕ್ಲಚ್ಚಮ್ಮ ಬಯ್ಗುಳದ ಮೊದಲ ಗೇರಿನಿಂದ ಎರಡನೆಯದಕ್ಕೆ ಬಂದಳು.

"ಮೇಡಂ," ಎಂದಳು ಲೈಬ್ರರಿಯವಳು, "ತಪ್ಪು ತಿಳ್ಕೋಬೇಡಿ. ಈ ಕ್ಲಚ್ಚೇ ಒಂಥರಾ ಇದೆ ಅನ್ಸುತ್ತೆ. ಇಷ್ಟು ಮೇಲೆ ಬಂದ್ರೂ ಹಿಡಿಯಲ್ಲ, ಆಮೇಲೆ ಒಂದೇ ಸಲ ಹಿಡಿಯುತ್ತೆ."

"ಕ್ಲಚ್ಚಾ? ಇಳೀರಿ. ಈ ಕಡೆ ಬನ್ನಿ. ತೋರಿಸ್ತೀನಿ ಯಾರದು ಒಂಥರಾ ಅಂತ."

ಇಬ್ಬರೂ ಸೀಟು ಬದಲಾಯಿಸಿದರು. ಚಾಲಕರ ಸೀಟಿನಲ್ಲಿ ಕೂತ ಮೇಲೆ ಕ್ಲಚ್ಚಮ್ಮನಿಗೆ ಸ್ಟೀರಿಂಗು ಯಾಕೋ ಅಪರಿಚಿತ ಅನ್ನಿಸಿತು. ಈ ಸೀಟಿನಲ್ಲಿ ತಾನು ಕೊನೆಯ ಸಲ ಕೂತದ್ದು ಯಾವಾಗ? ಮನೆ ಹಿಂದಿನ ಬೀದಿಯಲ್ಲೇ ಇದ್ದದ್ದರಿಂದ ಅವಳು ನಡೆದೇ ಬರುತ್ತಿದ್ದಳು. ಕಾರನ್ನು ರಿಪೇರಿಗೆ ಒಯ್ಯುವವನು ಮೆಕ್ಯಾನಿಕ್, ತಂದು ನಿಲ್ಲಿಸುವವನೂ ಅವನೇ. ಉಳಿದ ಹೊತ್ತೆಲ್ಲ ಅವಳು ಪಕ್ಕದ ಸೀಟಿನಲ್ಲಿ, ಕಾಲು ಬ್ರೇಕಿನ ಮೇಲೆ, ಬಾಯಿ ಕ್ಲಚ್ಚಿನ ಮೇಲೆ.

ಶುರುಮಾಡಿದಳು. ಕಾಲು ನಿಧಾನವಾಗಿ ಎತ್ತಿದಳು. ಕಾರು ಕಪ್ಪೆಯ ಹಾಗೆ ಎರಡು ಸಲ ಕುಪ್ಪಳಿಸಿ ಕೆಮ್ಮಿ ನಿಂತಿತು. "ಚಪ್ಪಲಿ" ಎಂದು ಗೊಣಗಿ ಮತ್ತೆ ಪ್ರಯತ್ನಿಸಿದಳು. ಈ ಸಲ ಇಂಜಿನು ಊಳಿಟ್ಟಿತು, ಕಾರು ಮಾತ್ರ ಹಿಂದಕ್ಕೆ ಜಾರತೊಡಗಿತು. ಹಿಂದೆ ಯಾರೋ ಹಾರನ್ನು ಒತ್ತಿಹಿಡಿದರು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಸೀಟು ತುಂಬ ಹಿಂದಿತ್ತು, ಕನ್ನಡಿಯಲ್ಲಿ ಆಕಾಶ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇನ್ನೇನು ಹಿಂದಿನ ಗಾಡಿಗೆ ತಾಗಿತು ಎನ್ನುವಾಗ ಕಾರು ಮೆತ್ತಗೆ ನಿಂತಿತು.

"ಬ್ರೇಕು ನಾನು ಹಾಕ್ದೆ ಮೇಡಂ" ಎಂದು ಪಕ್ಕದ ಸೀಟಿನಿಂದ ಪಿಸುದನಿ ಬಂತು. "ತಪ್ಪಾಯ್ತಾ?"

ಅಂದು ಸಂಜೆ ಮೆಕ್ಯಾನಿಕ್ ಕಾರಿನ ಅಡಿಯಿಂದ ಮುಖ ಹೊರಹಾಕಿ ಹೇಳಿದ: "ಕ್ಲಚ್ ಪ್ಲೇಟ್ ಸವೆದು ಕಾಗದ ಆಗಿದೆ ಮೇಡಂ. ಇದರಲ್ಲಿ ಕಲ್ತು ಪಾಸಾದೋರು ವಿಮಾನಾನೂ ಓಡಿಸ್ತಾರೆ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ಆಯಿಲ್ ಬಗ್ಗೆ. ಆಯಿಲ್ ಚೆನ್ನಾಗೇ ಇತ್ತು."

ಅವಳು ಆ ರಾತ್ರಿ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದಳು. ತಾನು ಕಂಬ, ಕೊರಡು, ಮರದ ಕಾಲು ಎಂದು ಕರೆದ ಮುಖಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಕೆಲವು ಮುಖಗಳು ಅಳುತ್ತಿದ್ದವು. ಕ್ಲಚ್ಚಿನ ವಿಷಯದಲ್ಲಿ ಹೀಗಾಗಬಹುದಾದರೆ ನಾಲ್ಕನೇ ನಂಬರಿನ ವಿಷಯದಲ್ಲೂ… ಅಲ್ಲಿಗೆ ಯೋಚನೆಗೆ ಬ್ರೇಕು ಹಾಕಿದಳು. ಆದರೂ ಆ ವಾರವೇ, ಇಸ್ತ್ರಿಗೆ ಕೊಟ್ಟ ಬಟ್ಟೆ ತರುತ್ತೇನೆಂದು ಗಂಡನಿಗೆ ಹೇಳಿ, ಚಾದರದಲ್ಲಿ ಸುತ್ತಿದ ನಾಲ್ಕನೇ ನಂಬರನ್ನು ಕಂಕುಳಲ್ಲಿಟ್ಟುಕೊಂಡು, ಪೇಟೆಯ ದೊಡ್ಡ ಕ್ರೀಡಾ ಸಾಮಾನಿನ ಅಂಗಡಿಯ ಮಹಡಿ ಹತ್ತಿದಳು. ಕೊಳ್ಳುವುದಕ್ಕಲ್ಲ. ನೋಡುವುದಕ್ಕೆ.

ಮಹಡಿಯಲ್ಲಿ ಗಾಲ್ಫ್ ವಿಭಾಗ. ಒಂದು ಮೂಲೆಯಲ್ಲಿ ಬಲೆ ಕಟ್ಟಿ, ಎದುರಿಗೆ ದೊಡ್ಡ ಪರದೆ ಹಾಕಿದ್ದರು. ಇಲ್ಲಿ ಹೊಡೆದ ಚೆಂಡು ಹೊರಗೆ ಹೊಡೆದಿದ್ದರೆ ಎಲ್ಲಿ ಬೀಳುತ್ತಿತ್ತೆಂದು ಪರದೆ ತೋರಿಸುವುದಂತೆ. ಟೈ ಕಟ್ಟಿದ ಬೋಳುತಲೆಯ ಗೃಹಸ್ಥನೊಬ್ಬ ನಗುಮುಖದಿಂದ ಮುಂದೆ ಬಂದ. ಅವಳನ್ನು ಕಂಡೊಡನೆ ಅವನ ಒಂದು ಕಾಲು ಕ್ಲಚ್ಚು ತುಳಿದಂತೆ ತಾನಾಗಿ ನೆಲವನ್ನು ಒತ್ತಿತು.

"ನಿಮ್ಮನ್ನ ಎಲ್ಲೋ ನೋಡಿದೀನಲ್ಲ" ಎಂದಳು.

"ಅಂಚೆ ಡಬ್ಬ, ಮೇಡಂ" ಎಂದ ಅವನು ಪೆಚ್ಚಾಗಿ. "ನಿಮ್ಮ ಕಾರನ್ನ ರಿವರ್ಸ್‌ನಲ್ಲಿ ತಂದು ಗುದ್ದಿದ್ದು ನಾನೇ."

"ಓ! ಆಮೇಲೆ ಲೈಸೆನ್ಸ್ ಸಿಕ್ತಾ?"

"ಸಿಕ್ತು. ಬೇರೆ ಸ್ಕೂಲಲ್ಲಿ. ಒಂದೇ ಸಲಕ್ಕೆ."

ಇನ್ನೊಂದು ದಿನವಾಗಿದ್ದರೆ ಈ ಮಾತಿಗೆ ಅವಳು ಅಂಗಡಿಯೆಲ್ಲ ಕೇಳುವಂತೆ ಬಯ್ಯುತ್ತಿದ್ದಳು. ಈಗ ಕ್ಲಚ್ ಪ್ಲೇಟು ನೆನಪಾಗಿ ಚಾದರ ಬಿಚ್ಚತೊಡಗಿದಳು.

ಮುಂದಿನ ಅರ್ಧ ಗಂಟೆ ಅವಳ ಜೀವಮಾನದಲ್ಲೇ ವಿಚಿತ್ರವಾದದ್ದು. ಅವಳು ಬಲೆಯ ಎದುರು ನಿಂತಿದ್ದಾಳೆ, ಬೋಳುತಲೆಯವನು ಪಕ್ಕದಲ್ಲಿ. "ಕೈ ಸಡಿಲ ಬಿಡಿ ಮೇಡಂ, ಅದೇನು ಓಡಿಹೋಗಲ್ಲ." ಬಿಟ್ಟಳು. "ಇಷ್ಟಲ್ಲ, ಬಿದ್ದುಹೋಗುತ್ತೆ." ಹಿಡಿದಳು. "ಚೆಂಡನ್ನ ನೋಡಿ, ನನ್ನ ಮುಖ ಅಲ್ಲ. ಉಸಿರಾಡಿ ಮೇಡಂ, ಉಸಿರಾಡಿ." ಅವನ ದನಿ ಸಕ್ಕರೆಯಂತಿತ್ತು, ಆದರೂ ಅವಳ ಅಂಗೈ ಬೆವರಿ, ಕಿವಿ ಬಿಸಿಯಾಗಿ, ಎಡ ಯಾವುದು ಬಲ ಯಾವುದು ಎನ್ನುವುದೇ ಮರೆತುಹೋಯಿತು. ಬಯ್ಯದೆ ಇದ್ದರೂ ಇಷ್ಟು ಕಷ್ಟವೇ ಎಂದು ಅವಳಿಗೆ ಆಶ್ಚರ್ಯ.

ಮೊದಲು ನಾಲ್ಕನೇ ನಂಬರಿನಿಂದ ಹೊಡೆದಳು. ಪರದೆಯ ಮೇಲಿನ ಗೆರೆ ನೆಲಕ್ಕೆ ಹೊಟ್ಟೆ ಉಜ್ಜಿಕೊಂಡು ಸ್ವಲ್ಪ ದೂರ ಹೋಗಿ ಸತ್ತಿತು. ಆಮೇಲೆ ಅವನು ಒಂದು ಹೈಬ್ರಿಡ್ ಕೈಗಿತ್ತ. ಆ ವರ್ಷದ್ದೇ ಮಾದರಿ, ಭಾವನದಕ್ಕಿಂತ ಬೆನ್ನು ಸ್ವಲ್ಪ ಸಣ್ಣದು, ನೋಡಲು ಅಷ್ಟು ನಾಚಿಕೆಯಾಗುವಂತಿರಲಿಲ್ಲ. ಅದೇ ಅಂಗೈ, ಅದೇ ಬೆವರು, ಅದೇ ಬೀಸು. ಗೆರೆ ಎದ್ದಿತು, ಕಮಾನಾಯಿತು, ಪರದೆಯ ಹಸಿರಿನ ನಡುವೆ ಇಳಿಯಿತು. ಮತ್ತೆ ಹೊಡೆದಳು. ಮತ್ತೆ ಕಮಾನು.

ಬೋಳುತಲೆಯವನು ಸಂಭ್ರಮದಿಂದ ಹೇಳಿದ: "ನೋಡಿದ್ರಾ ಮೇಡಂ? ನಿಮ್ಮ ಹೊಡೆತದಲ್ಲಿ ಅಂಥ ದೋಷ ಏನೂ ಇಲ್ಲ. ಆ ಹಳೇದರಲ್ಲಿ ಚೆಂಡು ಏಳ್ಬೇಕಾದ್ರೆ ಇನ್ನೂ ಜೋರಾಗಿ ಬೀಸೋರು ಬೇಕು. ತಪ್ಪು ನಿಮ್ದಲ್ಲ, ಕೋಲಿಂದು."

ಕ್ಲಚ್ಚಮ್ಮನ ಮುಖ ಕೆಂಪಾಯಿತು. "ಏನಂದ್ರಿ? ಇಷ್ಟು ವರ್ಷದಿಂದ ತಪ್ಪು ಮಾಡ್ತಾ ಬಂದಿದೀನಿ. ನನ್ನ ತಪ್ಪೇ ಇಲ್ಲ ಅನ್ನೋಕೆ ನೀವ್ಯಾರು?"

ಅವನ ಕಾಲು ಮತ್ತೆ ನೆಲವನ್ನು ಒತ್ತಿತು. ಆದರೆ ಮಾರಾಟದವನು ಮಾರಾಟದವನೇ. "ಬೇಡ ಮೇಡಂ, ಈಗ ಕೊಳ್ಳಬೇಡಿ. ಇದು ತೋರಿಸೋಕೆ ಇಟ್ಟಿರೋ ಕೋಲು. ಮುಂದಿನ ವಾರದ ತನಕ ಇಟ್ಕೊಂಡು ಆಡಿ ನೋಡಿ. ಇಷ್ಟವಾಗ್ಲಿಲ್ಲ ಅಂದ್ರೆ ವಾಪಸ್ ಕೊಡಿ, ನಾನು ಬಾಯಿ ಬಿಡಲ್ಲ" ಎಂದ.

ಮನೆಗೆ ತಂದಳು. ಬಟ್ಟೆ ಒಗೆಯುವ ಯಂತ್ರದ ಹಿಂದಿನ ಸಂದಿಯಲ್ಲಿ, ಗಂಡನ ಉಣ್ಣೆಯ ಕಾಲುಚೀಲವೊಂದನ್ನು ಅದರ ತಲೆಗೆ ತೊಡಿಸಿ ಬಚ್ಚಿಟ್ಟಳು. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಟ ಗಂಡ ಒಂದು ಕಾಲಿಗೆ ಚೀಲ ಹಾಕಿಕೊಂಡು ಇನ್ನೊಂದಕ್ಕಾಗಿ ಮನೆಯೆಲ್ಲ ಕುಂಟುತ್ತ ತಿರುಗಿದ. ಒಗೆಯುವ ಯಂತ್ರದ ಹಿಂದೆ ಬಗ್ಗಿದ.

"ಇಲ್ಲಿ ಬಾರೇ" ಎಂದು ಅಲ್ಲಿಂದಲೇ ಕರೆದ. "ನನ್ನ ಕಾಲುಚೀಲಕ್ಕೆ ಕೋಲು ಹುಟ್ಟಿದೆ."

ಅವಳು ಬಂದು ನಿಂತಳು. ಅವನು ಚೀಲ ಸರಿಸಿ ಹೈಬ್ರಿಡ್ಡಿನ ಬೆನ್ನನ್ನು ಬೆರಳಿನಿಂದ ಸವರಿ, ಮೂಗಿನ ಹತ್ತಿರ ತಂದು ಮೂಸಿದ. ಹೊಸ ಸಾಮಾನಿನ ವಾಸನೆಯನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಹೊಸದು" ಎಂದ.

"ನೋಡೋಕೆ ತಂದಿದ್ದು. ವಾಪಸ್ ಕೊಡ್ತೀನಿ."

ಅವನು ಉಸಿರು ಹಿಡಿದ. ಕಣ್ಣುಗಳು ಮಿನುಗಿದವು. ಮೆಲ್ಲನೆ, ಒಂದೊಂದೇ ಅಕ್ಷರವನ್ನು ಚಪ್ಪರಿಸುತ್ತ ಕೇಳಿದ: "ಹಳೇದಕ್ಕೇನು ರೋಗ?"

ಅವಳು ಕಾಲುಚೀಲವನ್ನು ಕಿತ್ತುಕೊಂಡಳು. ಅವನು ಆ ದಿನ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಕೆಲಸಕ್ಕೆ ಹೋದ. ಆದರೂ ಇಷ್ಟು ಖುಷಿಯಾಗಿ ಅವನು ಎಕ್ಸ್‌ರೇ ತೆಗೆದದ್ದನ್ನು ಆಸ್ಪತ್ರೆಯವರು ಕಂಡಿರಲಿಲ್ಲವಂತೆ.

ಭಾನುವಾರ ಬಂತು. ಚೀಲದಲ್ಲಿ ನಾಲ್ಕನೇ ನಂಬರಿನ ಪಕ್ಕದಲ್ಲೇ ಕಾಲುಚೀಲದ ಕೋಲು. ಭಾವ ಮೊದಲ ಗುಂಡಿಯಲ್ಲೇ ಅದನ್ನು ನೋಡಿದ, ನೋಡಿಯೂ ಸುಮ್ಮನಿದ್ದ. ಸುಮ್ಮನಿರುವುದು ಅವನಿಗೆ ಎಂಥ ಕಷ್ಟವೆಂದು ಅವನ ಕತ್ತಿನ ನರ ಹೇಳುತ್ತಿತ್ತು. ಹೊಂಡ ಎದುರಾಯಿತು. ಅವಳು ಅತ್ತಿತ್ತ ನೋಡಿ, ಕಾಲುಚೀಲ ಕಳಚಿ ಜೇಬಿಗೆ ತುರುಕಿ, ಕೈ ಸಡಿಲ ಬಿಟ್ಟು, ಉಸಿರಾಡಿ, ಬೀಸಿದಳು.

ಚೆಂಡು ಹೊಂಡ ದಾಟಿತು. ದಾಟಿದ್ದಷ್ಟೇ ಅಲ್ಲ, ಭಾವನ ಚೆಂಡಿಗಿಂತ ಮುಂದೆ ಹೋಗಿ ಕೂತಿತು. ಅವಳ ಎದೆ ಹೂವಿನಂತಾಯಿತು. ತಿರುಗಿ ಭಾವನ ಮುಖ ನೋಡಿದಳು.

"ಭಲೇ!" ಎಂದು ಭಾವ ಕೂಗಿದ, ಬೇರೆ ಬೇರೆ ಗುಂಡಿಗಳಲ್ಲಿ ಆಡುತ್ತಿದ್ದವರೆಲ್ಲ ಕೋಲು ಇಳಿಸಿದರು. "ಭಲೇ! ಎಂಥಾ ಕೋಲು!"

"ಕೋಲಾ?"

"ಮತ್ತೆ? ಹೋದ ವಾರದ ಕೈಯೇ ತಾನೇ ಇದು?"

"ಅದ್ಹೇಗೆ ಭಾವ? ನೀರಿಗೆ ಬಿದ್ರೆ ನಂದು, ನೀರು ದಾಟಿದ್ರೆ ಕೋಲಿಂದಾ?"

"ಹಾಗಂತ ನೀನೇ ತಾನೇ ಹೇಳ್ತಾ ಬಂದಿದ್ದು, ಬಿದ್ರೆ ನಂದು ಅಂತ. ದಾಟಿದ್ರೆ ಯಾರದು ಅಂತ ಯಾವತ್ತೂ ಹೇಳ್ಲಿಲ್ಲ. ದಾಟಿದ್ದಿದ್ರೆ ತಾನೇ!"

ಅವಳ ಪಿತ್ತ ನೆತ್ತಿಗೇರಿತು. ಹೈಬ್ರಿಡ್ಡನ್ನು ಹುಲ್ಲಿನ ಮೇಲೆ ಎಸೆದು ನಾಲ್ಕನೇ ನಂಬರನ್ನು ಎಳೆದಳು. ಜೇಬಿನಿಂದ ಇನ್ನೊಂದು ಚೆಂಡು ತೆಗೆದಿಟ್ಟಳು. "ನೋಡಿ ಈಗ. ಇದು ಕೈ." ಗುಳುಂ. ಇನ್ನೊಂದು. ಗುಳುಂ. ಮತ್ತೊಂದು ಹೊಂಡದವರೆಗೂ ಹೋಗದೆ ಎದುರಿನ ಬೆಂಚಿಗೆ ತಾಗಿ ಭಾವನ ಕಾಲಬುಡಕ್ಕೇ ಮರಳಿತು. ಅವನು ಚಂಗನೆ ನೆಗೆದ. ಹಿಂದೆ ಆಡಲು ಕಾಯುತ್ತಿದ್ದ ಗಂಡ ಹೆಂಡತಿ ಮೊದಲು ಗಡಿಯಾರ ನೋಡಿಕೊಂಡರು, ಆಮೇಲೆ ಕೂತೇ ಬಿಟ್ಟರು. ಅವಳು ಚೀಲದ ತಳ ತಡಕುತ್ತಿದ್ದಳು, ಇನ್ನೂ ಚೆಂಡಿದೆಯೇ ಎಂದು.

ಆಗ ಬ್ಯಾಟರಿ ಗಾಡಿಯಲ್ಲಿ ಹೆಣಿಗೆ ನಿಂತಿತು.

"ಸಾಕು ಮಾಡೇ" ಎಂದಳು ಅಕ್ಕ. "ಆ ದರಿದ್ರ ಕೋಲನ್ನ ನಾನು ಎರಡು ಸಲ ಹೊಡೆದು ನೋಡಿ ಬಿಟ್ಟಿದ್ದೆ. ಆಮೇಲೆ ಚೀಲದಿಂದ ಹೊರಗೆ ತೆಗೀಲೇ ಇಲ್ಲ."

ಕ್ಲಚ್ಚಮ್ಮ ಬಗ್ಗಿದ್ದವಳು ಹಾಗೇ ನಿಂತಳು. "ಇದನ್ನಾ? ಇಷ್ಟು ಹೊಳೀತಾ ಇತ್ತಲ್ಲ!"

"ಮುಟ್ಟದೆ ಇದ್ರೆ ಹೊಳೆಯದೆ ಏನು ಮಾಡುತ್ತೆ?"

"ಮತ್ತೆ ನಂಗ್ಯಾಕೆ ಕೊಟ್ಟೆ?"

"ಸೆಟ್ಟಿನಲ್ಲಿತ್ತು, ಕೊಟ್ಟೆ. ನೀನೂ ಎರಡು ಸಲ ಹೊಡೆದು ಬಿಡ್ತೀಯ ಅಂದ್ಕೊಂಡೆ. ನೀನು ನೋಡಿದ್ರೆ ಅದನ್ನೇ ಕಟ್ಕೊಂಡು ಕೂತೆ."

"ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ?"

"ನಿಂಗಾ?" ಎಂದಳು ಅಕ್ಕ. ಅಷ್ಟೇ. ಸೂಜಿ ಮತ್ತೆ ಓಡತೊಡಗಿತು.

ಭಾವ ನಗಲು ಬಾಯಿ ತೆರೆದವನು, ನಾದಿನಿಯ ಮುಖ ನೋಡಿ ಮುಚ್ಚಿಕೊಂಡ. ಆದರೆ ನಗು ಬಂದದ್ದು ಅವಳಿಗೇ. ಮೊದಲು ಮೂಗಿನಲ್ಲಿ ಬಂತು, ಆಮೇಲೆ ಹೊಟ್ಟೆಗಿಳಿಯಿತು, ಕೊನೆಗೆ ಕೋಲು ಊರಿಕೊಂಡು ಹುಲ್ಲಿನ ಮೇಲೆ ಕೂರಬೇಕಾಯಿತು. ಹಿಂದೆ ಕಾಯುತ್ತಿದ್ದ ಗಂಡ ಹೆಂಡತಿಗೆ ಭಾವ, "ನೀವು ಮುಂದೆ ಹೋಗಿ, ನಮ್ಮ ಮನೇಲಿ ಸ್ವಲ್ಪ ಸಮಸ್ಯೆ ಆಗಿದೆ" ಎಂದು ತನ್ನ ಮಟ್ಟಿಗೆ ಗುಟ್ಟಾಗಿ ಹೇಳಿದ.

ಅವಳು ಹೈಬ್ರಿಡ್ಡನ್ನು ಕೊಂಡಳು. ಒಂದೇ ಒಂದು. ಬೋಳುತಲೆಯವನು ಮೂರನೇ ನಂಬರಿನದೂ ಜೊತೆಗಿದ್ದರೆ ಒಳ್ಳೆಯದೆಂದು ಬಹಳ ಮೆತ್ತಗೆ ಹೇಳಿ ನೋಡಿದ. ಅವಳು ಹುಬ್ಬು ಏರಿಸಿದ್ದಕ್ಕೆ ಮಾತನ್ನು ಅಲ್ಲಿಗೇ ರಿವರ್ಸ್ ತೆಗೆದ. ಮನೆಗೆ ಬಂದು ಈ ಸಲ ಅದನ್ನು ಬಚ್ಚಿಡದೆ ಹಜಾರದ ಮೂಲೆಗೆ ಒರಗಿಸಿದಳು. ಗಂಡ ಅದನ್ನು ಎರಡು ಸಲ ಸುತ್ತಿ ನೋಡಿದ. ಮರುದಿನ ಸಂಜೆ ಅವನ ಕೈಯಲ್ಲಿ ಒಂದು ಡಬ್ಬವಿತ್ತು: ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುವ ಯಂತ್ರ. ಅವನು ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, ಅವಳ ಮುಖವನ್ನೇ ನೋಡುತ್ತ ನಿಂತ. ಅವಳಿಗೆ ನಾಲಿಗೆಯ ತುದಿಗೆ ಬಂದದ್ದನ್ನು ನುಂಗುವಾಗ ಗಂಟಲಲ್ಲಿ ಶಬ್ದವೇ ಆಯಿತು. ಆ ಯಂತ್ರ ಮೊದಲ ಮೊಟ್ಟೆಯನ್ನು ಗೋಡೆಗೆ ಹಾರಿಸಿತು. "ತಪ್ಪು ನಂದು, ತಪ್ಪು ನಂದು" ಎನ್ನುತ್ತ ಗಂಡ ಗೋಡೆ ಒರೆಸಿದ.

ಸ್ಕೂಲಿನಲ್ಲಿ ಬಯ್ಗುಳ ನಿಂತಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಹೊಸ ಕ್ಲಚ್ ಪ್ಲೇಟು ಹಾಕಿಸಿದ ಮೇಲೆ ಪ್ರತಿದಿನ ಬೆಳಿಗ್ಗೆ ಅವಳು ಮೊದಲು ತಾನೇ ಚಾಲಕರ ಸೀಟಿನಲ್ಲಿ ಕೂತು ಬೀದಿಗೆ ಒಂದು ಸುತ್ತು ಹಾಕಿ ಬರತೊಡಗಿದಳು. ಕೀಲಿಕೈಯವನೂ ಬಟ್ಟೆ ಒಗೆಯುವವನೂ ಆ ಹೊತ್ತಿಗೆ ತಮ್ಮ ಸ್ಕೂಟರುಗಳನ್ನು ಅಂಗಡಿಯೊಳಗೆ ಎಳೆದುಕೊಳ್ಳುತ್ತಿದ್ದರು.

ಇನ್ನು ಆಟ. ಹೈಬ್ರಿಡ್ ಬಂದ ಮೇಲೆ ಅವಳು ಭಾವನನ್ನು ಸೋಲಿಸಿರಬೇಕೆಂದು ನೀವು ಅಂದುಕೊಂಡಿದ್ದರೆ, ಹಾಗೇನೂ ಆಗಲಿಲ್ಲ. ಚೆಂಡು ದೂರ ಹೋಗತೊಡಗಿತು, ನಿಜ. ಎಲ್ಲಿಗೆ ಹೋಗುತ್ತದೆ ಎನ್ನುವುದು ಬೇರೆ ಪ್ರಶ್ನೆ. ಒಂದು ಭಾನುವಾರ, ಕೊನೆಯ ಗುಂಡಿಯಲ್ಲಿ, ಅವಳು ಹೊಡೆದ ಚೆಂಡು ಏರಿ, ಬಾವುಟದ ಮೇಲಿಂದ ಸಾಗಿ, ಹಸಿರು ದಿಬ್ಬದ ಆಚೆ ಇಳಿದು ಕಾಣೆಯಾಯಿತು. ಬಾವುಟದವರೆಗೆ ಒಂದೇ ಹೊಡೆತದಲ್ಲಿ ಅವಳ ಚೆಂಡು ಎಂದೂ ಹೋದದ್ದಿಲ್ಲ. ದಾಟಿ ಹೋಗುವುದೆಂದರೆ ಕನಸಿನ ಮಾತು. ಭಾವನಿಗೂ ಅಕ್ಕನಿಗೂ ಅಲ್ಲೇ ಇರಿ ಎಂದು ಹೇಳಿ ಅವಳು ದಿಬ್ಬ ಹತ್ತಿ ಆಚೆ ಇಳಿದಳು.

ಆಚೆ ಬೇರೆಯೇ ಲೋಕವಿತ್ತು. ಒಂದು ನಲ್ಲಿ, ಒಂದು ಹೂವಿನ ಮರ, ಮುರಿದ ಗಾಡಿಯ ಸೀಟು, ಹುಲ್ಲು ಕತ್ತರಿಸುವ ಯಂತ್ರ. ಮರದ ನೆರಳಿನಲ್ಲಿ ಮೈದಾನದ ಮಾಲಿ ಟೊಪ್ಪಿ ಮುಖದ ಮೇಲಿಟ್ಟುಕೊಂಡು ಮಲಗಿದ್ದ. ಹೆಜ್ಜೆಯ ಸದ್ದಿಗೆ ಟೊಪ್ಪಿ ಸರಿಸಿ ನೋಡಿದ.

"ಹೊಸಬರಾ?" ಎಂದ.

"ಹೊಸಬಳಾ! ಎಷ್ಟು ವರ್ಷದಿಂದ ಆಡ್ತಿದೀನಿ ಇಲ್ಲಿ!"

"ಈ ಕಡೆ ನೋಡಿದ ನೆನಪಿಲ್ಲ."

"ಈ ಕಡೆ ಇದೇ ಮೊದಲು" ಎಂದು ಒಪ್ಪಿಕೊಂಡಳು.

ಮಾಲಿ ನಲ್ಲಿಯ ಕೆಳಗಿನ ಕೊಚ್ಚೆಯತ್ತ ಬೆರಳು ತೋರಿಸಿದ. ಚೆಂಡು ಅಲ್ಲಿ ಅರ್ಧ ಮುಳುಗಿ ಕೂತಿತ್ತು. ಅವಳು ಅದನ್ನು ಅಲ್ಲಿಂದಲೇ ಹೊಡೆದು ತೆಗೆಯಲು ಮಾಡಿದ ಪ್ರಯತ್ನಗಳ ಲೆಕ್ಕ ಬೇಡ. ಮಾಲಿ ಎದ್ದು ಹೋಗಿ ಯಂತ್ರದ ಹಿಂದೆ ನಿಂತುಕೊಂಡ ಎಂದರೆ ಸಾಕು. ಕೆಸರು ಸಿಡಿದ ಮುಖದಲ್ಲಿ ಅವಳು ಮತ್ತೆ ದಿಬ್ಬದ ಮೇಲೆ ಕಾಣಿಸಿಕೊಂಡಾಗ, ಭಾವ ತನ್ನ ಚೆಂಡನ್ನು ಗುಂಡಿಗೆ ಹಾಕಿ ಮುಗಿಸಿ, ಬಾವುಟದ ಕಂಬಕ್ಕೆ ಒರಗಿಕೊಂಡು ಕಾಯುತ್ತಿದ್ದ.

"ಎಲ್ಲಿಗೆ ಹೋಗಿತ್ತು?" ಎಂದು ಕೂಗಿದ.

"ದೂರ!" ಎಂದು ಅವಳೂ ಕೂಗಿದಳು. "ತುಂಬಾ ದೂರ ಭಾವ, ನಿಮ್ಮ ಚೆಂಡು ಕನಸಲ್ಲೂ ನೋಡಿರಲ್ಲ, ಅಷ್ಟು ದೂರ!" ಎಂದು ಕೆಸರು ಒರೆಸಿಕೊಳ್ಳುತ್ತ, ಸೋತವಳು ಎನ್ನುವುದಕ್ಕೆ ಯಾವ ಗುರುತೂ ಇಲ್ಲದೆ, ದಿಬ್ಬ ಇಳಿದು ಬಂದಳು.